ನಾಯಿಯ ಕೆರೆತಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕಾ?

ಪ್ರಶ್ನೆ (ಕಲಬುರಗಿ): ನಮ್ಮ ರಾಣಿ ಲ್ಯಾಬ್ರಡಾರ್, ನಾಲ್ಕು ವರ್ಷ. ಮಳೆ ಶುರುವಾದಾಗಿನಿಂದ ಪಾದ ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಂಡಿದ್ದಾಳೆ. ರಾತ್ರಿಯಿಡೀ ಕಿವಿ ಕೆರೆಯುತ್ತಾಳೆ, ನೋಡಿದರೆ ಸಂಕಟ ಆಗುತ್ತದೆ. ಜೋಳದ ರೊಟ್ಟಿ, ಮೊಸರು, ಕೋಳಿ ಹಾಕುತ್ತೇವೆ. ಇದರಲ್ಲಿ ಯಾವುದು ಆಗಿಬರಲ್ಲ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತಾ?

ಉತ್ತರ (ಬೀದರ್): ಅಕ್ಕಾ, ಊಟದ ವಿಷಯಕ್ಕೆ ಆ ಪರೀಕ್ಷೆ ನಂಬಬೇಡಿ. ನಾನು ಮಾಡಿಸಿದ್ದೆ. ವರದಿಯಲ್ಲಿ ಕೋಳಿ, ಅಕ್ಕಿ, ಮೊಟ್ಟೆ ಎಲ್ಲಾ ಬಂತು. ಎಲ್ಲಾ ಬಿಡಿಸಿದೆ. ನಾಯಿ ಸೊರಗಿತು, ಕೆರೆತ ನಿಲ್ಲಲಿಲ್ಲ. ಕೊನೆಗೆ ನಮ್ಮ ಪಶುವೈದ್ಯಕೀಯ ಕಾಲೇಜಿನಲ್ಲಿ ಚರ್ಮ ಕೆರೆದು ನೋಡಿದರು, ಹುಳ ಸಿಕ್ಕಿತು! ಮೊದಲು ಚಿಗಟ, ಹುಳ ನೋಡಿಸಿ. ಆಮೇಲೆ 8 ವಾರ ಅವಳು ಎಂದೂ ತಿನ್ನದ ಒಂದೇ ಮಾಂಸ ಕೊಟ್ಟು ನೋಡಿ, ವೈದ್ಯರನ್ನು ಕೇಳಿಕೊಂಡೇ. ಮಧ್ಯೆ ಒಂದು ಬಿಸ್ಕತ್ತೂ ಬೇಡ. ಕಡಿಮೆಯಾದರೆ ಹಳೇ ಊಟ ಮತ್ತೆ ಹಾಕಿ. ಕೆರೆತ ವಾಪಸ್ ಬಂದರೆ ಊಟದ್ದೇ ಅಂತ ಲೆಕ್ಕ.

ಉತ್ತರ (ಯಾದಗಿರಿ): ಹಾಗಂತ ರಕ್ತ ಪರೀಕ್ಷೆ ಸುಮ್ನೆ ಅಲ್ಲ. ಧೂಳಿನ ಹುಳ, ಹೂವಿನ ಪರಾಗದ ವಿರುದ್ಧ ರಕ್ತದಲ್ಲಿ ಇರುವ ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ಅಳೆಯುತ್ತಾರೆ. ಆರಾಮಿರುವ ನಾಯಿಗೂ ಪಾಸಿಟಿವ್ ಬರಬಹುದು. ಅದಕ್ಕೇ ವೈದ್ಯರು ಅಲರ್ಜಿ ಅಂತ ಗುರುತಿಸಿದ ಮೇಲೆ, ಅದನ್ನು ತಗ್ಗಿಸಲು ಕೊಡುವ ಇಂಜೆಕ್ಷನ್‌ನಲ್ಲಿ ಏನು ಸೇರಿಸಬೇಕು ಅಂತ ತಿಳಿಯಲು ಮಾಡಿಸುವುದು. ಅಲ್ಲಿತನಕ ಹೊರಗೆ ಹೋಗಿ ಬಂದಾಗೆಲ್ಲ ಪಾದ ತೊಳೆದು ಒಣಗಿಸಿ.

ಪ್ರಶ್ನೆ ಕೇಳಿದವರು: ನಾಳೆಯೇ ಚರ್ಮ ನೋಡಿಸುತ್ತೇನೆ ಅಣ್ಣಾ. ಕಿವಿಯೊಳಗಿನ ಕೊಳೆಯನ್ನೂ ತೋರಿಸಬೇಕಲ್ವಾ?

ಉತ್ತರ (ಬೀದರ್): ಹೌದು, ಮರೆಯದೆ ತೋರಿಸಿ.