ಪದಚರ್ಚೆ: ಸಿಗ್ನಲ್ ವ್ಯವಸ್ಥೆಯ ‘ಮೆಟೀರಿಯಲ್ ಮಾಡಿಫಿಕೇಶನ್’ಗೆ ಏನೆನ್ನಬೇಕು?

ಮಾನ್ಯರೇ,

ಅಮೆರಿಕದ ರೈಲು ಸುರಕ್ಷತಾ ನಿಯಮಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿನ ಫೆಡರಲ್ ನಿಯಮಸಂಹಿತೆಯ 49ನೇ ವಿಭಾಗದಲ್ಲಿರುವ 235ನೇ ಭಾಗ ಹೇಳುವುದಿಷ್ಟು: ರೈಲು ಕಂಪನಿಯೊಂದು ತನ್ನ ಸಿಗ್ನಲ್ ವ್ಯವಸ್ಥೆಯನ್ನು ‘ಡಿಸ್ಕಂಟಿನ್ಯೂ’ ಮಾಡಬೇಕಾದರೆ, ಇಲ್ಲವೇ ಅದರಲ್ಲಿ ‘ಮೆಟೀರಿಯಲ್ ಮಾಡಿಫಿಕೇಶನ್’ ಮಾಡಬೇಕಾದರೆ, ರೈಲು ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಶನ್‌ಗೆ ಅರ್ಜಿ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. ಓದಿದರೆ ಸರಳವಾಗಿಯೇ ಇದೆ; ಕನ್ನಡದಲ್ಲಿ ಬರೆಯಲು ಕುಳಿತಾಗ ಹೆಜ್ಜೆಹೆಜ್ಜೆಗೂ ತೊಡಕು. ಬಲ್ಲವರ ಅಭಿಪ್ರಾಯ ಬೇಕು.

ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ‘ಮೆಟೀರಿಯಲ್’. ನಿಘಂಟಿನಲ್ಲಿ ಮೊದಲು ಸಿಗುವ ‘ಭೌತಿಕ’ ಇಲ್ಲಿ ಸಲ್ಲದು. ಕೆಟ್ಟುಹೋದ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ತೆಗೆದು ಅಂಥದೇ ಇನ್ನೊಂದನ್ನು ಕೂರಿಸುವುದು ಭೌತಿಕ ಬದಲಾವಣೆಯೇ, ಆದರೆ ಅದಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ. ಅತ್ತ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ 2008ರಲ್ಲಿ ನಡೆದ ರೈಲು ಡಿಕ್ಕಿಯಲ್ಲಿ 25 ಮಂದಿ ಸತ್ತ ಮೇಲೆ ಬಂದ ಕಾನೂನು ಅನೇಕ ಮುಖ್ಯ ಮಾರ್ಗಗಳಲ್ಲಿ ಪಾಸಿಟಿವ್ ಟ್ರೈನ್ ಕಂಟ್ರೋಲ್ ಅನ್ನು (ಚಾಲಕ ತಪ್ಪಿದರೂ ರೈಲನ್ನು ತಾನೇ ನಿಲ್ಲಿಸುವ ವ್ಯವಸ್ಥೆಯನ್ನು) ಕಡ್ಡಾಯಗೊಳಿಸಿತು. ಅಂಥ ವ್ಯವಸ್ಥೆಗಳ ನಿಯಮದಲ್ಲಿಯೂ ಇದೇ ‘ಮೆಟೀರಿಯಲ್ ಮಾಡಿಫಿಕೇಶನ್’ ಬರುತ್ತದೆ. ಅಲ್ಲಿ ಒಂದು ಕಂಬವೂ ಅಲುಗದೆ ತಂತ್ರಾಂಶವಷ್ಟೇ ಬದಲಾಗಿ ಸುರಕ್ಷತೆಯ ಲೆಕ್ಕವೇ ಬೇರೆಯಾಗಬಹುದು.

‘ದೊಡ್ಡ’, ‘ಗಣನೀಯ’ ಎಂದರೆ ಗಾತ್ರದ ಮಾತಾಗುತ್ತದೆ. ನಿಯಮಕ್ಕೆ ಗಾತ್ರ ಮುಖ್ಯವಲ್ಲ. ಬ್ಲಾಕ್ ಸಿಗ್ನಲ್ ವ್ಯವಸ್ಥೆಯ (ಹಳಿಯನ್ನು ತುಂಡುಗಳಾಗಿ ವಿಂಗಡಿಸಿ ಒಂದೊಂದಕ್ಕೂ ರೈಲಿನ ಪ್ರವೇಶವನ್ನು ಸಿಗ್ನಲ್‌ನಿಂದ ತಿಳಿಸುವ ಏರ್ಪಾಡಿನ) ಎಲ್ಲೆಯನ್ನು ಕುಗ್ಗಿಸುವುದಕ್ಕೂ ಅರ್ಜಿ ಬೇಕು. ವಿಧಿವತ್ತಾಗಿ ಮುಚ್ಚಲು ಒಪ್ಪಿಗೆ ಸಿಕ್ಕ ಹಳಿಯ ಮೇಲಿನ ಇಡೀ ವ್ಯವಸ್ಥೆಯನ್ನು ಕಿತ್ತೊಗೆಯುವುದಕ್ಕೆ ಬೇಡ. ‘ಮಹತ್ವದ ಬದಲಾವಣೆ’ ಎಂದು ಬರೆದು ನೋಡಿದೆ, ಮಂತ್ರಿಗಳ ಭಾಷಣದಂತೆ ಕೇಳಿಸಿತು. ಕಾನೂನಿನ ಬರಹಗಳಲ್ಲಿ ‘ಸಾರಭೂತ’ ಎಂಬ ಮಾತು ಉಂಟು. ವ್ಯವಸ್ಥೆಯ ಸಾರವನ್ನೇ ಮುಟ್ಟುವಂಥದ್ದು ಎಂಬ ಅರ್ಥ ಸರಿಹೊಂದುತ್ತದೆ. ಮೊದಲ ಸಲ ಓದುವವರು ಒಂದು ಗಳಿಗೆ ನಿಲ್ಲುತ್ತಾರೆ, ನಿಲ್ಲಲಿ. ಸದ್ಯಕ್ಕೆ ‘ಸಾರಭೂತ ಮಾರ್ಪಾಡು’ ಎಂದು ಬರೆದಿದ್ದೇನೆ. ಮೂಲ ಕಾನೂನಿನಲ್ಲಿ ‘ಆಲ್ಟರ್’ ಎಂದೂ ನಿಯಮದಲ್ಲಿ ‘ಮಾಡಿಫಿಕೇಶನ್’ ಎಂದೂ ಇದೆ. ಎರಡಕ್ಕೂ ‘ಮಾರ್ಪಾಡು’ ಒಂದನ್ನೇ ಇಟ್ಟಿದ್ದೇನೆ, ಎರಡು ಪದ ಬಳಸಿದರೆ ಇಲ್ಲದ ಭೇದವನ್ನು ಓದುಗರು ಹುಡುಕುತ್ತಾರೆ.

‘ಡಿಸ್ಕಂಟಿನ್ಯುಯೆನ್ಸ್’ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ. ‘ನಿಲುಗಡೆ’ ಎಂದರೆ ರೈಲು ನಿಲ್ಲುವುದು ಎಂದೇ ಎಲ್ಲರೂ ತಿಳಿಯುತ್ತಾರೆ. ‘ಸ್ಥಗಿತ’ ಇನ್ನೂ ಅಪಾಯಕಾರಿ, ಅದರಲ್ಲಿ ತಾತ್ಕಾಲಿಕ ಎಂಬ ಧ್ವನಿ ಇದೆ. ನೆರೆ, ಬೆಂಕಿ, ಚಂಡಮಾರುತ, ಹಳಿ ತಪ್ಪಿದ ಅವಘಡದಂಥ ಅನಾಹುತದಿಂದ ಆರು ತಿಂಗಳು ಮೀರದಂತೆ ಸಿಗ್ನಲ್ ವ್ಯವಸ್ಥೆಯನ್ನು ಬಳಕೆಯಿಂದ ತೆಗೆದರೆ ಅರ್ಜಿಯೇ ಬೇಕಿಲ್ಲ ಎನ್ನುತ್ತದೆ ನಿಯಮ. ಅಂದರೆ ‘ಸ್ಥಗಿತ’ ಎಂದು ಬರೆದರೆ, ಅನುಮೋದನೆ ಬೇಡದ ಸಂದರ್ಭದ ಹೆಸರನ್ನೇ ಅನುಮೋದನೆ ಬೇಕಾದ ಸಂದರ್ಭಕ್ಕೆ ಕೊಟ್ಟಂತಾಗುತ್ತದೆ. ‘ಕೈಬಿಡುವುದು’ ಸಾಕು, ಗಂಭೀರವಾಗಿರಲೇಬೇಕು ಎನ್ನುವವರು ‘ರದ್ದುಪಡಿಸುವುದು’ ಎನ್ನಲಿ.

ಇನ್ನು ‘ಅಪ್ರೂವಲ್’. ಅನುಮತಿ, ಅನುಮೋದನೆ, ಮಂಜೂರಾತಿ, ಪರವಾನಗಿ ಎಲ್ಲವನ್ನೂ ಪತ್ರಿಕೆಗಳು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುತ್ತವೆ. ಇಲ್ಲಿ ಕಂಪನಿ ಯಾವ ಹಳಿ, ಏನು ಬದಲಾವಣೆ, ಏಕೆ, ಯಾವಾಗ ಎಂದೆಲ್ಲ ವಿವರಿಸಿ ಪ್ರಸ್ತಾವ ಇಡುತ್ತದೆ. ಪ್ರಕಟಣೆ ಹೊರಡುತ್ತದೆ, ತಕರಾರು ಇದ್ದವರು ಸಲ್ಲಿಸಬಹುದು, ಆಮೇಲೆ ತೀರ್ಮಾನ. ಹಾಗಾಗಿ ‘ಅನುಮೋದನೆ’ಯೇ ಸರಿ ಎನಿಸುತ್ತದೆ. ಆದರೆ ಸಭೆಗಳಲ್ಲಿ ಸೂಚಕರು, ಅನುಮೋದಕರು ಎನ್ನುವಾಗ ಅನುಮೋದನೆ ಎಂದರೆ ಬೆಂಬಲವೇ ಹೊರತು ತೀರ್ಮಾನವಲ್ಲ. ಈ ಗೊಂದಲ ‘ಪೂರ್ವಾನುಮೋದನೆ’ ಎಂದರೆ ತಪ್ಪುತ್ತದೆ, ಕೆಲಸಕ್ಕೆ ಮುಂಚೆಯೇ ಪಡೆಯಬೇಕು ಎಂಬುದೂ ಸೇರುತ್ತದೆ.

‘ರೆಗ್ಯುಲೇಟರಿ’ಗೆ ‘ನಿಯಂತ್ರಣ’ ಬೇಡವೆಂದು ಬಿಟ್ಟಿದ್ದೇನೆ. ಆ ಪದ ಬರುವ ವಾಕ್ಯದಲ್ಲಿಯೇ ‘ಟ್ರಾಫಿಕ್ ಕಂಟ್ರೋಲ್’, ‘ಟ್ರೈನ್ ಕಂಟ್ರೋಲ್’ ಎರಡೂ ಬರುತ್ತವೆ, ಮೂರು ನಿಯಂತ್ರಣ ಸೇರಿದರೆ ಯಾರು ಯಾರನ್ನು ನಿಯಂತ್ರಿಸುತ್ತಾರೆ ಎಂಬುದೇ ತಿಳಿಯದು. ಸಂಸ್ಥೆಯ ಹೆಸರು ಹೇಳಿದರೆ ಆಯಿತು. ಸಿಗ್ನಲ್, ಇಂಟರ್‌ಲಾಕಿಂಗ್ (ಒಂದಕ್ಕೊಂದು ಅಡ್ಡಬರುವ ದಾರಿಗಳು ಒಟ್ಟಿಗೆ ತೆರೆಯದಂತೆ ತಡೆಯುವ ಏರ್ಪಾಡು), ರಿಲೇ ಹಾಗೆಯೇ ಇರಲಿ. ‘ಸಂಕೇತ’ ಎಂದೊಡನೆ ಗುಪ್ತಲಿಪಿ ನೆನಪಾಗುತ್ತದೆ.

ಉಳಿದಿರುವುದು ‘ರಿಲೀಫ್’. ಸಿಗ್ನಲ್ ವ್ಯವಸ್ಥೆಗಳು ಹೇಗಿರಬೇಕೆಂದು ಹೇಳುವ 236ನೇ ಭಾಗದ ನಿಯಮವೊಂದನ್ನು ಪಾಲಿಸುವುದರಿಂದ ಬಿಡುವು ಕೇಳುವ ಅರ್ಜಿಯೂ ಇದೇ 235ರಲ್ಲಿ ಬರುತ್ತದೆ. ‘ಪರಿಹಾರ’ ಎಂದರೆ ದುಡ್ಡಿನ ಮಾತಾಗುತ್ತದೆ. ‘ವಿನಾಯಿತಿ’ ಬರೆಯೋಣವೆಂದರೆ ಬರಹದ ಮುಂದಿನ ಅಧ್ಯಾಯದಲ್ಲಿ ‘ವೇವರ್’, ‘ಎಕ್ಸೆಂಪ್ಶನ್’ ಬೇರೆಬೇರೆಯಾಗಿ ಕಾದು ಕುಳಿತಿವೆ. ಈ ಮೂರನ್ನೂ ಬೇರ್ಪಡಿಸುವ ಪದಗಳನ್ನು ಯಾರಾದರೂ ನ್ಯಾಯಾಲಯದ ಅಥವಾ ಕಚೇರಿಯ ಕನ್ನಡದಲ್ಲಿ ಬಳಸಿದ್ದರೆ ಉದಾಹರಣೆ ವಾಕ್ಯದೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.