ಅಪ್‌ಡೇಟ್: ಅಪ್ಪನ ಸ್ಕ್ಯಾನ್‌ನಾಗ ಕಂಡಿದ್ದ ದಪ್ಪ

ಹೋದ ಸಲ ಕೇಳಿದ್ದೆ ನೋಡ್ರಿ, ನಮ್ಮಪ್ಪಗ ಗುದನಾಳದ ಕ್ಯಾನ್ಸರ್ ಆಪರೇಷನ್ ಆದಮ್ಯಾಲ ಸಿಇಎ (ರಕ್ತದಾಗ ನೋಡೋ ಕ್ಯಾನ್ಸರ್ ಸೂಚಕ) ಸ್ವಲ್ಪ ಏರೇದ, ಸಿಟಿ ಒಳಗ ಟೊಂಕದ ಕೆಳಗಿನ ಎಲುಬಿನ ಮುಂದ ಏನೋ ದಪ್ಪ ಕಾಣ್ತದ, ರೋಗ ತಿರುಗಿ ಬಂದದೇನು ಅಂತ. ಕಲಬುರಗ್ಯಾಗೇ ಎಂಆರ್‌ಐ ಮಾಡಿಸಿದ್ವಿ. ಡಾಕ್ಟ್ರು ಫಿಲ್ಮ್ ಲೈಟಿಗೆ ಹಿಡಿದು ತೋರಿಸಿದ್ರು, ಹಳೇ ಗಾಯದ ಕಲಿ ಇದ್ರ ಟಿ2 ಅನ್ನೋ ಒಂದು ನಮೂನಿ ಎಂಆರ್‌ಐ ಚಿತ್ರದಾಗ ಕರ್ರಗ ಇರ್ತದಂತ, ಗಡ್ಡಿ ಇದ್ರ ಅದಕ್ಕಿಂತ ತಿಳಿ, ಆದ್ರ ರೇಡಿಯೇಷನ್ ಕೊಟ್ಟಲ್ಲಿ ಬಾವಿದ್ರೂ ಹಂಗೇ ಕಾಣಬಹುದಂತ. ಅಪ್ಪಂದು ಬಹಳಷ್ಟು ಕರ್ರಗೇ ಅದ, ಒಂದು ಮೂಲ್ಯಾಗಷ್ಟ ಅನುಮಾನ. ಅದಕ್ಕ ಪೆಟ್-ಸಿಟಿಗೆ (ಸಕ್ಕರಿಯಂಥ ಔಷಧ ಚುಚ್ಚಿ, ಅದನ್ನ ಹೆಚ್ಚು ಹೀರೋ ಜಾಗ ಹೊಳಿಯೋದನ್ನ ನೋಡೋ ಸ್ಕ್ಯಾನ್) ಹೈದರಾಬಾದಿಗೆ ಹೊಂಟೀವಿ. 6 ತಾಸು ಉಪಾಸ ಇರ್ಬೇಕು, ಶುಗರ್ ಹೆಚ್ಚಿದ್ರ ಸ್ಕ್ಯಾನ್ ಸರಿ ಬರಂಗಿಲ್ಲ, ನಮ್ಮಪ್ಪಗ ಮುಂಜಾನಿ ಚಾ ಬಿಡಿಸೋದೇ ದೊಡ್ಡ ಕೆಲಸ ಬಿಡ್ರಿ. ಸ್ಕ್ಯಾನ್‌ನಾಗ ಆ ಮೂಲಿ ಹೊಳದ್ರ ಬಯಾಪ್ಸಿ (ತುಣುಕು ತಗದು ಪರೀಕ್ಷೆ), ಇಲ್ಲಾಂದ್ರ ಕೆಲ ತಿಂಗಳು ಬಿಟ್ಟು ಮತ್ತ ಎಂಆರ್‌ಐ ಮಾಡಿ ಹೋಲಿಸಿ ನೋಡ್ತಾರ.