ಆಗಾಗ ನಿಂತುಬಿಡುವ ಕಂಪ್ಯೂಟರ್: ನಿಮ್ಮ ಅನುಭವ ಹೇಳಿ

ಪ್ರಶ್ನೆ, ದಾವಣಗೆರೆಯಿಂದ:

ಮನೆಯಲ್ಲೇ ಕುಳಿತು ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುತ್ತೇನೆ. ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಗಂಟೆಗಟ್ಟಲೆ ಚೆನ್ನಾಗಿ ನಡೆದು, ಇದ್ದಕ್ಕಿದ್ದಂತೆ ಅರ್ಧ ನಿಮಿಷ ಸ್ತಬ್ಧವಾಗುತ್ತದೆ. ಮೌಸ್ ಬಾಣ ಓಡಾಡುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ರಿಪೇರಿಗೆ ಒಯ್ದರೆ ಅಲ್ಲಿ ಒಮ್ಮೆಯೂ ನಿಲ್ಲುವುದಿಲ್ಲ. ಫಾರ್ಮ್ಯಾಟ್ ಮಾಡಿಕೊಟ್ಟರು, ಪ್ರಯೋಜನವಾಗಲಿಲ್ಲ. ಈಗ ಮದರ್‌ಬೋರ್ಡ್ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಇಂಥ ಪಾಡು ಪಟ್ಟವರು ಇದ್ದರೆ ದಾರಿ ತೋರಿಸಿ.

ಮೈಸೂರಿನಿಂದ:

ಮೇಡಂ, ಮದರ್‌ಬೋರ್ಡಿನ ಮಾತು ಸದ್ಯಕ್ಕೆ ಬದಿಗಿಡಿ. ಬಂದು ಹೋಗುವ ತೊಂದರೆಯನ್ನು ಅದು ಬಂದಾಗಲೇ ಹಿಡಿಯಬೇಕು. ಏನನ್ನೂ ಅಳೆದು ನೋಡದೆ ಫಾರ್ಮ್ಯಾಟ್ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ.

ಬೆಳಿಗ್ಗೆ ಕಂಪ್ಯೂಟರ್ ಶುರುವಾದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಆರಿಸಿ, ಪರದೆಯ ಮೂಲೆಯಲ್ಲಿ ಬಿಟ್ಟಿರಿ. ತೊಂದರೆ ಬಂದ ಮೇಲೆ ತೆರೆಯಲು ಹೋದರೆ ಅದೂ ತೆರೆಯುವುದಿಲ್ಲ, ಆದ್ದರಿಂದ ಮೊದಲೇ ತೆರೆದಿಡಿ.

ನಿಂತ ಹೊತ್ತಿನಲ್ಲಿ ಅಲ್ಲಿನ ಅಂಕಿಗಳನ್ನು ನೋಡಿ. ಆಕ್ಟಿವ್ ಟೈಮ್ 100% ಇದ್ದು, ಓದುವ ಬರೆಯುವ ವೇಗವೂ ಹತ್ತಾರು ಎಂಬಿ ಇದ್ದರೆ ಡಿಸ್ಕ್ ನಿಜಕ್ಕೂ ದುಡಿಯುತ್ತಿದೆ ಎಂದರ್ಥ. ವಿಂಡೋಸ್ ಅಪ್‌ಡೇಟೋ ವೈರಸ್ ತಪಾಸಣೆಯೋ ನಡೆಯುತ್ತಿರುತ್ತದೆ. 100% ಎಂದು ತೋರಿಸುತ್ತಲೇ ವೇಗ ಸೊನ್ನೆಗೆ ಇಳಿದಿದ್ದರೆ ಕಥೆ ಬೇರೆ: ಕೇಳಿದ್ದಕ್ಕೆ ಡಿಸ್ಕಿನಿಂದ ಉತ್ತರವೇ ಬರುತ್ತಿಲ್ಲ. ಪಕ್ಕದಲ್ಲೇ ಆವರೇಜ್ ರೆಸ್ಪಾನ್ಸ್ ಟೈಮ್ ಇದೆ. ಒಳ್ಳೆಯ ಹಾರ್ಡ್ ಡಿಸ್ಕ್, ಹೆಚ್ಚು ಕೆಲಸವಿಲ್ಲದಾಗ, ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತದೆ. ಅಲ್ಲಿ ಸಾವಿರಗಟ್ಟಲೆ ಕಂಡರೆ ಡಿಸ್ಕನ್ನೋ ಅದರ ಕೇಬಲನ್ನೋ ಅನುಮಾನಿಸಿ.

ರಾಯಚೂರಿನಿಂದ:

ನನ್ನ ಲ್ಯಾಪ್‌ಟಾಪ್ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಮಾತ್ರ ತೆವಳುತ್ತಿತ್ತು. ರಾತ್ರಿ ಸರಾಗ. ಪ್ರೊಸೆಸರ್ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ 2.5 ಗಿಗಾಹರ್ಟ್ಸ್ ಇರಬೇಕಾದದ್ದು 0.8ಕ್ಕೆ ಇಳಿದಿದ್ದನ್ನು ಕಣ್ಣಾರೆ ಕಂಡೆ. ಬಿಚ್ಚಿಸಿದರೆ, ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಧೂಳು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿತ್ತು. ಅದನ್ನು ತೆಗೆಸಿ, ಒಣಗಿದ್ದ ಥರ್ಮಲ್ ಪೇಸ್ಟ್ ಬದಲಾಯಿಸಿದ ಮೇಲೆ ತೊಂದರೆಯಿಲ್ಲ. ನಿಮ್ಮದು ಹೀಗಿರಲಿಕ್ಕಿಲ್ಲ, ಮೇಡಂ. ಶಾಖದಿಂದಾದರೆ ಎಲ್ಲವೂ ನಿಧಾನವಾಗುತ್ತದೆಯೇ ಹೊರತು ಹೀಗೆ ಪೂರ್ತಿ ನಿಂತು ಮತ್ತೆ ಓಡುವುದು ಕಡಿಮೆ.

ಶಿರಸಿಯಿಂದ:

ರಾಯಚೂರಿನವರು ಹೇಳಿದಂತೆ ವೇಗ ಇಳಿದಿದ್ದು, ಯಂತ್ರ ಮುಟ್ಟಿದರೆ ತಣ್ಣಗೇ ಇದ್ದರೆ ಚಾರ್ಜರ್ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳು ಗುರುತು ಸಿಗದ ಚಾರ್ಜರ್ ಚುಚ್ಚಿದರೆ ಪ್ರೊಸೆಸರ್ ವೇಗವನ್ನು ಕಟ್ಟಿಹಾಕುತ್ತವೆ. ಮಗನದು ಹೀಗೇ ಆಗಿತ್ತು.

ಮಂಗಳೂರಿನಿಂದ:

ಎರಡನೇ ಹಾರ್ಡ್ ಡಿಸ್ಕ್ ಅಥವಾ ಯುಎಸ್‌ಬಿ ಡಿಸ್ಕ್ ಏನಾದರೂ ಜೋಡಿಸಿದ್ದೀರಾ? ನನ್ನಲ್ಲಿ ಫೈಲ್ ಉಳಿಸಲು ಹೋದಾಗಲೆಲ್ಲ ಕಿಟಕಿ ಹೆಪ್ಪುಗಟ್ಟಿ, ಪೆಟ್ಟಿಗೆಯೊಳಗಿಂದ ಡಿಸ್ಕ್ ತಿರುಗಲು ಶುರುವಾಗುವ ಸದ್ದು ಕೇಳುತ್ತಿತ್ತು. ಬಳಸದ ಡಿಸ್ಕನ್ನು 20 ನಿಮಿಷದ ನಂತರ ಮಲಗಿಸುವುದು ವಿಂಡೋಸಿನ ಮಾಮೂಲು ವ್ಯವಸ್ಥೆ. ಪವರ್ ಆಪ್ಷನ್ಸ್ ಒಳಗೆ ಹೋಗಿ ಅದನ್ನು ಸೊನ್ನೆ ಮಾಡಿದೆ, ಅಂದರೆ ಎಂದಿಗೂ ಮಲಗಿಸಬೇಡ ಎಂದು. ಅಲ್ಲಿಗೆ ಮುಗಿಯಿತು.

ದಾವಣಗೆರೆಯಿಂದ ಮತ್ತೆ:

ಎಲ್ಲರಿಗೂ ಧನ್ಯವಾದ. ಒಂದೇ ಡಿಸ್ಕ್ ಇರುವುದು. ಇಂದು ನಿಂತಾಗ ನೋಡಿದೆ: 100%, ವೇಗ ಸೊನ್ನೆ, ರೆಸ್ಪಾನ್ಸ್ ಟೈಮ್ ಸಾವಿರಗಳಲ್ಲಿ. ತಮ್ಮನ ಮಾತಿನಂತೆ ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿದೆ. ನೀಲಿ ಬಣ್ಣದಲ್ಲಿ ‘ಗುಡ್’ ಎಂದಿದೆ. 05 ಮತ್ತು ಸಿ5 ಸಾಲುಗಳಲ್ಲಿ ಸೊನ್ನೆ. ಸಿ7 ಸಾಲಿನಲ್ಲಿ ಮಾತ್ರ ಸೊನ್ನೆಗಳ ಕೊನೆಗೆ 3ಎ8 ಎಂದು ಏನೋ ಇದೆ.

ಮೈಸೂರಿನಿಂದ:

ಕಳ್ಳ ಸಿಕ್ಕಂತಿದೆ. ಆ ಅಂಕಣ ಹದಿನಾರರ ಎಣಿಕೆಯಲ್ಲಿರುತ್ತದೆ, 3ಎ8 ಎಂದರೆ 936. ಡಿಸ್ಕಿನ ಮೇಲ್ಮೈ ಹಾಳಾಗುತ್ತಿದ್ದರೆ 05, ಸಿ5 ಏರುತ್ತವೆ. ಸಿ7 ಎಂದರೆ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯಲ್ಲಿ ಮಾಹಿತಿ ಕೆಟ್ಟು, ಮತ್ತೆ ಕಳಿಸಬೇಕಾಗಿ ಬಂದ ಲೆಕ್ಕ. ಹೆಚ್ಚಾಗಿ ಸಾಟಾ ಕೇಬಲಿನ ದೋಷ, ಇಲ್ಲವೇ ಸಡಿಲವಾಗಿ ಕೂತ ಕೇಬಲ್. ಈ ಲೆಕ್ಕ ಎಂದೂ ಇಳಿಯುವುದಿಲ್ಲ. ಕೇಬಲ್ ಬದಲಾಯಿಸಿದ ಮೇಲೂ 936 ಹಾಗೇ ಇರುತ್ತದೆ, ಗಾಬರಿ ಬೇಡ. ಅಲ್ಲಿಗೇ ನಿಂತರೆ ಗೆದ್ದಿರಿ. ಏರುತ್ತಲೇ ಹೋದರೆ ಮದರ್‌ಬೋರ್ಡಿನ ಬೇರೆ ಸಾಟಾ ಕಿಂಡಿಗೆ ಚುಚ್ಚಿ ನೋಡಿ.

ಕೇಬಲ್ ಮುಟ್ಟುವ ಮುನ್ನ ಲೆಕ್ಕದ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿ. ಇದೇ ಸಮಸ್ಯೆಯ ಬೇರೆಯವರು ಓದುತ್ತಿದ್ದರೆ ಅವರಿಗೂ ಒಂದು ಮಾತು: ಸಿ5 ಸೊನ್ನೆ ಇಲ್ಲದಿದ್ದರೆ ನಕಲು ಮುಗಿಯುವವರೆಗೆ ಚೆಕ್‌ಡಿಸ್ಕ್ ಓಡಿಸಬೇಡಿ. ಸಾಯುತ್ತಿರುವ ಡಿಸ್ಕನ್ನು ಆ ದೀರ್ಘ ತಪಾಸಣೆಯೇ ಮುಗಿಸಿಬಿಡಬಹುದು.

ಬೆಂಗಳೂರಿನಿಂದ:

ಕೇಬಲ್ ಕೊಳ್ಳುವಾಗ ಎರಡೂ ತುದಿಯಲ್ಲಿ ಲೋಹದ ಕ್ಲಿಪ್ ಇರುವುದನ್ನೇ ಕೇಳಿ, ಅದು ಅಲುಗಾಡುವುದಿಲ್ಲ. ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳವರೆಗೆ ಬರಬೇಕಾಗಿಲ್ಲ, ನಿಮ್ಮೂರಿನಲ್ಲೇ ಸಿಗುತ್ತದೆ. ಪೆಟ್ಟಿಗೆ ತೆರೆಯುವ ಮೊದಲು ವಿದ್ಯುತ್ ಪ್ಲಗ್ ಕಿತ್ತು, ಒಳಗಿನ ಲೋಹದ ಚೌಕಟ್ಟನ್ನು ಒಮ್ಮೆ ಮುಟ್ಟಿ. ಇನ್ನೊಂದು ವಿಷಯ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಆಗಿದ್ದರೆ ಎಂಟನೇ ಪೀಳಿಗೆಯದೋ ಅದರ ನಂತರದ್ದೋ ನೋಡಿ ಹೇಳಿ, ಅದಕ್ಕಿಂತ ಹಳೆಯ ಬಹುತೇಕ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಕೂರುವುದಿಲ್ಲ. ಕೂರುವುದಾದರೆ, ಈ ಹಾರ್ಡ್ ಡಿಸ್ಕನ್ನು ಫೋಟೊಗಳಿಗೆ ಬಿಟ್ಟು ವಿಂಡೋಸನ್ನು ಒಂದು 256 ಜಿಬಿ ಎಸ್‌ಎಸ್‌ಡಿಗೆ ಹಾಕಿಸಿ.